ಚರ್ಚ್ ಶಾಲೆಗೆ ದತ್ತಿ ನಿಧಿ: ಹಣ ಯಾರ ಹೆಸರಿಗೆ ಕೊಡಬೇಕು, ಪತ್ರದಲ್ಲಿ ಏನು ಬರೆಯಬೇಕು?

ಹತ್ತನೇ_ಬಿ_ಉಡುಪಿ:

ಉಡುಪಿ ಹತ್ತಿರದ ಒಂದು ಚರ್ಚ್ ಶಾಲೆ. ಕನ್ನಡ ಮಾಧ್ಯಮ, ಅನುದಾನಿತ. ನಮ್ಮ ಹಳೆ ವಿದ್ಯಾರ್ಥಿ ಬ್ಯಾಚ್‌ನವರು ಸೇರಿ ಸುಮಾರು ₹12 ಲಕ್ಷದ ದತ್ತಿ ನಿಧಿ ಇಡಬೇಕೆಂದಿದ್ದೇವೆ. ಮೂಲಧನ ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ ವರ್ಷ ವರ್ಷ ಶಾಲೆಗೆ ಸಿಗಬೇಕು.

ಈಗಿರುವ ಯೋಚನೆ ಹೀಗಿದೆ: ಎಲ್ಲರೂ ಒಬ್ಬ ಗೆಳೆಯನ ಎಸ್.ಬಿ. ಖಾತೆಗೆ ಹಣ ಹಾಕುವುದು, ಅವನು ಶಾಲಾ ವಾರ್ಷಿಕೋತ್ಸವದ ದಿನ ಒಂದೇ ಚೆಕ್ ಕೊಡುವುದು, ಹೆಡ್‌ಮಾಸ್ಟ್ರು ಮತ್ತು ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷರ ಜಂಟಿ ಹೆಸರಿನಲ್ಲಿ ಎಫ್.ಡಿ. ಮಾಡುವುದು. ಕೊಡುವವರಲ್ಲಿ ಹೆಚ್ಚಿನವರು ಊರಲ್ಲೇ ಇದ್ದಾರೆ. ಕೆಲವರು ಕುವೈತ್, ದುಬೈಯಲ್ಲಿ ಭಾರತದ ಪಾಸ್‌ಪೋರ್ಟ್‌ನಲ್ಲಿದ್ದಾರೆ. ಇಬ್ಬರು ಕೆನಡಾ ಪೌರತ್ವ ಪಡೆದವರು.

ಉದ್ದೇಶದ ಬಗ್ಗೆ ಒಮ್ಮತವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಸ್ಥಾನ ಬಂದವರಿಗೆ ಬಹುಮಾನ ಎಂದು ಕೆಲವರು, ಬಡ ಕ್ಯಾಥೋಲಿಕ್ ಮಕ್ಕಳಿಗೆ ಎಂದು ಕೆಲವರು, ಒಬ್ಬ ಟೀಚರ ಸಂಬಳಕ್ಕೆ ಎಂದು ಇನ್ನು ಕೆಲವರು. ಶಾಲೆಯ ಹಜಾರದಲ್ಲಿ ಹಳೆಯ ದತ್ತಿಗಳ ಬೋರ್ಡ್ ಇದೆ, ಆದರೆ ಆ ಹಣ ಎಲ್ಲಿದೆ ಎಂದು ಈಗ ಹೇಳುವವರಿಲ್ಲ. ನಮ್ಮದು ಹಾಗಾಗಬಾರದು. ತಿಳಿದವರು ದಾರಿ ಹೇಳಿ.

ಲೆಕ್ಕಪತ್ರ_ಬಲ್ಮಠ:

ಒಬ್ಬರ ಖಾತೆಗೆ ಎಲ್ಲರೂ ಹಾಕುವ ಯೋಚನೆಯನ್ನು ಮೊದಲು ಕೈಬಿಡಿ. ಹಾಗೆ ಮಾಡಿದರೆ ರಸೀದಿ ಅವರೊಬ್ಬರ ಹೆಸರಿಗೇ ಬರುತ್ತದೆ, ತೆರಿಗೆ ವಿನಾಯಿತಿಯೂ ಅವರಿಗೆ ಮಾತ್ರ. ಉಳಿದವರು ಕೊಟ್ಟಿದ್ದಾರೆ ಎಂಬುದಕ್ಕೆ ಶಾಲೆಯ ಲೆಕ್ಕದಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ₹12 ಲಕ್ಷ ನಿಮ್ಮ ಖಾತೆಗೆ ಎಲ್ಲಿಂದ ಬಂತು ಎಂದು ಇಲಾಖೆ ಕೇಳಿದರೆ ಉತ್ತರ ಹುಡುಕಬೇಕಾದವರೂ ಅವರೇ. ಪ್ರತಿಯೊಬ್ಬರೂ ತಮ್ಮ ಖಾತೆಯಿಂದ ನೇರವಾಗಿ ಸಂಸ್ಥೆಯ ಖಾತೆಗೆ ಕಳುಹಿಸಲಿ. ವಾರ್ಷಿಕೋತ್ಸವದ ದಿನ ವೇದಿಕೆಯಲ್ಲಿ ಹೆಸರುಗಳ ಪಟ್ಟಿಯನ್ನು ಹಸ್ತಾಂತರಿಸಬಹುದು, ಅಷ್ಟು ಸಾಕು.

ಯಾವ ಸಂಸ್ಥೆ? ಶಾಲೆಗೆ ಸಾಮಾನ್ಯವಾಗಿ ಕಾನೂನಿನ ದೃಷ್ಟಿಯಲ್ಲಿ ಸ್ವಂತ ಅಸ್ತಿತ್ವ ಇರುವುದಿಲ್ಲ. ಅದನ್ನು ನಡೆಸುವ ನೋಂದಾಯಿತ ಸೊಸೈಟಿ ಅಥವಾ ಟ್ರಸ್ಟ್‌ಗೆ ಪ್ಯಾನ್ ಇರುತ್ತದೆ. ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತ ವ್ಯಾಪ್ತಿಯ) ಶಾಲೆಯಾದರೆ ಧರ್ಮಪ್ರಾಂತ್ಯದ ಶಿಕ್ಷಣ ಸಂಸ್ಥೆ, ಉದಾಹರಣೆಗೆ ಮಂಗಳೂರಿನಲ್ಲಿ ಕ್ಯಾಥೋಲಿಕ್ ಬೋರ್ಡ್ ಆಫ್ ಎಜುಕೇಶನ್. ಸಿಸ್ಟರ್‌ಗಳ ಶಾಲೆಯಾದರೆ ಅಪೋಸ್ತಲಿಕ್ ಕಾರ್ಮೆಲ್, ಬೆಥನಿ ಹೀಗೆ ಆಯಾ ಸಭೆಯವರ ಸೊಸೈಟಿ. ಸಂಚಾಲಕರ ಹತ್ತಿರ ಮೂರು ಕಾಗದದ ಪ್ರತಿ ಕೇಳಿ: ಪ್ಯಾನ್, 12ಎಬಿ ನೋಂದಣಿ ಆದೇಶ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿಗಾಗಿ), 80ಜಿ ಆದೇಶ (ದಾನಿಗಳಿಗೆ ತೆರಿಗೆ ವಿನಾಯಿತಿಗಾಗಿ). 80ಜಿ ಆದೇಶದಲ್ಲಿ ಯಾವ ವರ್ಷದವರೆಗೆ ಎಂದು ಬರೆದಿರುತ್ತದೆ, ಆ ಸಾಲನ್ನು ನೋಡದೆ ಹಣ ಹಾಕಬೇಡಿ. ಕೇಳಿದರೆ ಫಾದರ್ ಬೇಸರ ಮಾಡಿಕೊಳ್ಳುತ್ತಾರೆ ಎಂಬ ಸಂಕೋಚ ಬೇಡ, ಇದು ಪ್ರತಿ ದಾನಿಯೂ ಕೇಳಬೇಕಾದ ಪ್ರಶ್ನೆ.

ಚರ್ಚ್‌ನ ಖಾತೆಗೆ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಒಟ್ಟು ಆದಾಯದ ಶೇ. 5ಕ್ಕಿಂತ ಹೆಚ್ಚು ಧಾರ್ಮಿಕ ಕಾರ್ಯಕ್ಕೆ ಖರ್ಚಾಗುವ ಸಂಸ್ಥೆಗೆ 80ಜಿ ಸಿಗುವುದಿಲ್ಲ. ಆದ್ದರಿಂದ ಶಾಲೆಗೆ ಕೊಡುವ ಹಣ ಶಿಕ್ಷಣ ಸಂಸ್ಥೆಯ ಖಾತೆಗೇ ಹೋಗಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕಾಗದ. ಹಣ ಮೂಲನಿಧಿಗೆ ಸೇರಬೇಕು ಎಂದು ದಾನಿ ಲಿಖಿತವಾಗಿ ಸೂಚಿಸದಿದ್ದರೆ ಅದು ಆ ವರ್ಷದ ಮಾಮೂಲಿ ಆದಾಯ. ಆಗ ಸಂಸ್ಥೆ ತನ್ನ ವರ್ಷದ ಆದಾಯದ ಶೇ. 85ರಷ್ಟನ್ನು ಖರ್ಚು ಮಾಡಬೇಕೆಂಬ ನಿಯಮದ ಲೆಕ್ಕಕ್ಕೆ ನಿಮ್ಮ ₹12 ಲಕ್ಷವೂ ಸೇರಿಕೊಳ್ಳುತ್ತದೆ. ಸೂಚನೆ ಇದ್ದರೆ ಆದಾಯ ತೆರಿಗೆ ಕಾಯ್ದೆಯ 11(1)(ಡಿ) ಕಲಂ ಪ್ರಕಾರ ಹೊರಗುಳಿಯುತ್ತದೆ. ಆದರೆ ಆ ಹಣವನ್ನು 11(5)ನೇ ಕಲಂನಲ್ಲಿ ಹೇಳಿದ, ಬ್ಯಾಂಕ್ ಠೇವಣಿಯಂಥ ಕಡೆ, ಮೂಲನಿಧಿ ಎಂದು ಬೇರೆಯಾಗಿ ಗುರುತಿಸಿ ಹೂಡಿರಬೇಕು. ಪತ್ರದ ಒಕ್ಕಣೆ ಹೀಗಿರಲಿ:

"ನಾನು, ಹೆಸರು, ವಿಳಾಸ, ಪ್ಯಾನ್ ಇಂಥದ್ದು, ಈ ದಿನ ₹50,000 ಮೊತ್ತವನ್ನು ಇಂಥ ಸೊಸೈಟಿಯ ಮೂಲನಿಧಿಯ ಭಾಗವಾಗಿಯೇ ಇರಬೇಕೆಂಬ ನಿರ್ದಿಷ್ಟ ಸೂಚನೆಯೊಂದಿಗೆ ನೀಡುತ್ತಿದ್ದೇನೆ. ಈ ಮೊತ್ತವನ್ನು ಖರ್ಚು ಮಾಡತಕ್ಕದ್ದಲ್ಲ. ಇದರಿಂದ ಬರುವ ಬಡ್ಡಿಯನ್ನು ಇಂಥ ಶಾಲೆಯಲ್ಲಿ ಇಂಥ ಉದ್ದೇಶಕ್ಕೆ ಬಳಸತಕ್ಕದ್ದು."

ಪತ್ರದ ದಿನಾಂಕ ಹಣ ಹೋದ ದಿನದ್ದೇ ಆಗಿರಲಿ, ಇಲ್ಲವೇ ಅದಕ್ಕಿಂತ ಮೊದಲಿನದ್ದಾಗಿರಲಿ. ಮಾರ್ಚ್ ಕೊನೆಯಲ್ಲಿ ಆಡಿಟರ್ ಕೇಳಿದಾಗ ಎಲ್ಲರಿಂದ ಸಹಿ ಹಾಕಿಸಿ ತರುವ ಪದ್ಧತಿ ಕೆಲವು ಕಡೆ ಇದೆ. ತಗಾದೆ ಏಳುವುದು ಅಲ್ಲಿಯೇ. ಇಪ್ಪತ್ತೈದು ಜನರಿದ್ದರೆ ಇಪ್ಪತ್ತೈದು ಪತ್ರ ಬೇಕು. ಸಂಘದ ಪರವಾಗಿ ಒಂದು ಪತ್ರ ಕೊಟ್ಟರೆ ಸಾಲದು.

ದಾನಿಗಳ ವಿವರವನ್ನು ಸಂಸ್ಥೆ 10ಬಿಡಿ ನಮೂನೆಯಲ್ಲಿ ಮುಂದಿನ ಮೇ 31ರೊಳಗೆ ಇಲಾಖೆಗೆ ಸಲ್ಲಿಸಬೇಕು. ಅದರಲ್ಲಿ ದಾನದ ಬಗೆ ಎಂಬ ಕಾಲಂ ಇದೆ, ಅಲ್ಲಿ ಕಾರ್ಪಸ್ (ಮೂಲನಿಧಿ) ಎಂದೇ ಆಯ್ಕೆ ಮಾಡಬೇಕು. ಗುಮಾಸ್ತರು ಅವಸರದಲ್ಲಿ 'ಇತರೆ' ಒತ್ತಿದರೆ ನಿಮ್ಮ ಪತ್ರ ಒಂದು ಹೇಳುತ್ತದೆ, ಇಲಾಖೆಯ ಕಡತ ಇನ್ನೊಂದು ಹೇಳುತ್ತದೆ. ಸಲ್ಲಿಸಿದ ಮೇಲೆ ಪ್ರತಿ ದಾನಿಗೂ 10ಬಿಇ ಪ್ರಮಾಣಪತ್ರ ಬರುತ್ತದೆ. ವಿನಾಯಿತಿ ಕೇಳಲು ಅದು ಬೇಕು, ಬರೀ ರಸೀದಿ ಸಾಲದು. ತಡವಾದರೆ ಸಂಸ್ಥೆಗೆ ದಿನಕ್ಕೆ ₹200 ಶುಲ್ಕ.

ಸಿಗುವ ಲಾಭದ ಬಗ್ಗೆ ತಪ್ಪು ಕಲ್ಪನೆ ಬೇಡ. ಶಾಲಾ ಸೊಸೈಟಿಗಳಿಗೆ ಕೊಟ್ಟದ್ದರ ಅರ್ಧಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಆದಾಯದ ಶೇ. 10ರ ಮಿತಿ ಇದೆ. ₹50,000 ಕೊಟ್ಟವರು ಶೇ. 30ರ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ ₹7,800 ಉಳಿಯುತ್ತದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಏನೂ ಇಲ್ಲ. ₹2,000ಕ್ಕಿಂತ ಹೆಚ್ಚು ನಗದು ಕೊಟ್ಟರೂ ಇಲ್ಲ. ಚಿನ್ನ, ಕಂಪ್ಯೂಟರ್, ಬೆಂಚು ಹೀಗೆ ವಸ್ತುರೂಪದಲ್ಲಿ ಕೊಟ್ಟದ್ದಕ್ಕೂ ಇಲ್ಲ.

ಕಲಂ, ನಮೂನೆ ಸಂಖ್ಯೆಗಳನ್ನು 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಬರೆದಿದ್ದೇನೆ, ಜನರಿಗೆ ಪರಿಚಿತವಾಗಿರುವುದು ಅವೇ. 2025ರ ಹೊಸ ಕಾಯ್ದೆ ಜಾರಿಯ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಸಂಖ್ಯೆಗಳು ಬೇರೆ, ಪತ್ರ ಬರೆಸುವಾಗ ಸಿ.ಎ. ಹತ್ತಿರ ಒಮ್ಮೆ ಹೊಂದಿಸಿಕೊಳ್ಳಿ.

ಪಾಲನಾಮಂಡಳಿ_ಕಾರ್ಕಳ:

ತೆರಿಗೆಯ ಮಾತು ಸರಿಯಾಗಿಯೇ ಬಂದಿದೆ. ಧರ್ಮಸಭೆಯ ಕಡೆಯಿಂದಲೂ ನಿಮಗೆ ಗಟ್ಟಿ ಆಧಾರವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ.

ಕ್ಯಾಥೋಲಿಕ್ ಧರ್ಮಸಭೆಯ ಆಂತರಿಕ ಕಾನೂನಾದ 1983ರ ಕ್ಯಾನನ್ ಕಾನೂನಿನ 1267ನೇ ವಿಧಿಯ ಮೂರನೇ ಭಾಗದ ಪ್ರಕಾರ ಭಕ್ತರು ಒಂದು ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕು. ದತ್ತಿಗಳ ಬಗ್ಗೆ 1303ರಿಂದ ವಿವರವಾಗಿ ಹೇಳಿದೆ. ದತ್ತಿಯನ್ನು ಸ್ವೀಕರಿಸಲು ಮೇಲಧಿಕಾರಿಯ, ಅಂದರೆ ಧರ್ಮಪ್ರಾಂತ್ಯದ ವಿಷಯದಲ್ಲಿ ಬಿಷಪರ, ಲಿಖಿತ ಅನುಮತಿ ಬೇಕು. ಹಣವನ್ನು ಕೂಡಲೇ ಅವರು ಒಪ್ಪಿದ ಸುರಕ್ಷಿತ ಜಾಗದಲ್ಲಿ ಇಡಬೇಕು. ಬಾಯಿಮಾತಿನಲ್ಲಿ ಕೊಟ್ಟ ದತ್ತಿಯನ್ನೂ ಬರಹಕ್ಕೆ ಇಳಿಸಬೇಕು, ಒಂದು ಪ್ರತಿ ಬಿಷಪರ ಕಚೇರಿಯ ದಾಖಲೆಯಲ್ಲಿ, ಇನ್ನೊಂದು ದತ್ತಿ ಪಡೆದ ಸಂಸ್ಥೆಯ ದಾಖಲೆಯಲ್ಲಿ ಇರಬೇಕು. ಇದು 1306ನೇ ವಿಧಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ ಫಾದರ್‌ಗಳಿಗೂ ಸಿಸ್ಟರ್‌ಗಳಿಗೂ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇದ್ದೇ ಇದೆ. ಹೆಡ್‌ಮಾಸ್ಟ್ರು ನಿವೃತ್ತರಾಗುತ್ತಾರೆ. ಮೂರು ವರ್ಗಾವಣೆ ಆಗುವಷ್ಟರಲ್ಲಿ ಶಾಲೆಯ ಕಪಾಟಿನಲ್ಲಿರುವ ಕಡತ ಹಳೆಯ ಉತ್ತರಪತ್ರಿಕೆಗಳ ಅಡಿಗೆ ಹೋಗಿರುತ್ತದೆ. ಬಿಷಪರ ಕಚೇರಿಯಲ್ಲಿ ಪ್ರತಿ ಇದ್ದರೆ ಯಾರು ವರ್ಗವಾದರೂ ದಾಖಲೆ ಅಲ್ಲೇ ಇರುತ್ತದೆ. ಆದ್ದರಿಂದ ಪತ್ರದ ನಾಲ್ಕು ಪ್ರತಿ ಮಾಡಿ. ಸೊಸೈಟಿಗೆ, ಬಿಷಪರ ಕಚೇರಿಗೆ, ಶಾಲೆಗೆ, ನಿಮ್ಮ ಸಂಘಕ್ಕೆ ಒಂದೊಂದು. ನಾಲ್ಕರಲ್ಲೂ ಸ್ವೀಕೃತಿಯ ಮುದ್ರೆ ಬೀಳಲಿ.

ಹೆಡ್‌ಮಾಸ್ಟ್ರು ಮತ್ತು ಅಧ್ಯಕ್ಷರ ಜಂಟಿ ಹೆಸರಿನ ಎಫ್.ಡಿ. ಖಂಡಿತ ಬೇಡ ಮಾರಾಯ್ರೇ. ಅದು ಬ್ಯಾಂಕಿನ ಲೆಕ್ಕದಲ್ಲಿ ಆ ಇಬ್ಬರ ಸ್ವಂತ ಹಣ. ಬಡ್ಡಿಯ ತೆರಿಗೆ ಮೊದಲ ಹೆಸರಿನವರ ಮೇಲೆ ಬೀಳುತ್ತದೆ. ಅವರಲ್ಲಿ ಒಬ್ಬರು ತೀರಿಕೊಂಡರೆ ವಾರಸುದಾರರ ಸಹಿ ಕೇಳುವ ಪ್ರಸಂಗ ಬರಬಹುದು. ಎಫ್.ಡಿ. ರಸೀದಿಯ ಮೇಲೆ ಸೊಸೈಟಿಯ ಹೆಸರು, ಸೊಸೈಟಿಯ ಪ್ಯಾನ್ ಇರಬೇಕು. ಹೆಸರಿನ ಮುಂದೆ ಇಂಥ ದತ್ತಿ ನಿಧಿ ಎಂದು ಸೇರಿಸಲು ಬ್ಯಾಂಕ್ ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಸೊಸೈಟಿಯ ಮೂಲನಿಧಿ ಪುಸ್ತಕದಲ್ಲಿ ಎಫ್.ಡಿ. ನಂಬರ್ ಎದುರು ದತ್ತಿಯ ಹೆಸರು ಬರೆಸಿ.

ಪತ್ರದಲ್ಲಿ ಇನ್ನೊಂದು ಸಾಲು ಇರಲೇಬೇಕು. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಕನ್ನಡ ಮಾಧ್ಯಮ ಶಾಲೆಗಳಿಗೆ ಮಕ್ಕಳು ಕಡಿಮೆಯಾಗಿ ಮುಚ್ಚುವುದು, ಪಕ್ಕದ ಶಾಲೆಯೊಂದಿಗೆ ವಿಲೀನವಾಗುವುದು ಕಾಣುತ್ತಲೇ ಇದೆ. ಬರೀ "ಇಂಥ ಶಾಲೆಯ ಮಕ್ಕಳಿಗೆ" ಎಂದು ಬರೆದು ಆ ಶಾಲೆಯೇ ಇಲ್ಲದಾದರೆ ಹಣ ಗಂಟುಬೀಳುತ್ತದೆ. ಸಾರ್ವಜನಿಕ ದತ್ತಿಯ ಉದ್ದೇಶ ಬದಲಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಅಡಿ ಕೋರ್ಟಿಗೆ ಹೋಗಬೇಕಾಗಬಹುದು. ಬದಲಿಗೆ ಈಗಲೇ ಬರೆಯಿರಿ: "ಶಾಲೆ ಮುಚ್ಚಿದಲ್ಲಿ ಅಥವಾ ಈ ಉದ್ದೇಶ ಅಗತ್ಯವಿಲ್ಲದಾದಲ್ಲಿ, ಅದೇ ಸೊಸೈಟಿ ನಡೆಸುವ, ಅದೇ ತಾಲೂಕಿನ ಇನ್ನೊಂದು ಶಾಲೆಯ ಬಡ ಮಕ್ಕಳ ಶಿಕ್ಷಣಕ್ಕೆ ಬಡ್ಡಿಯನ್ನು ಬಳಸತಕ್ಕದ್ದು."

ಉಡುಪಿ ಕಡೆಯವರು ಇದನ್ನೂ ಗಮನಿಸಿ. ಉಡುಪಿ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರೆಯಾದದ್ದು 2012ರಲ್ಲಿ. ಅದಕ್ಕೂ ಮೊದಲಿನ ದತ್ತಿ ಕಾಗದಗಳಲ್ಲಿ ಮಂಗಳೂರಿನ ಸಂಸ್ಥೆಯ ಹೆಸರು ಇರಬಹುದು. ಹಳೆ ದತ್ತಿಗೆ ನಿಮ್ಮ ಹಣ ಸೇರಿಸುವ ಯೋಚನೆ ಇದ್ದರೆ ಅದು ಈಗ ಯಾವ ಸೊಸೈಟಿಯ ಪುಸ್ತಕದಲ್ಲಿದೆ ಎಂದು ಮೊದಲು ನೋಡಿ.

ಗಲ್ಫ್_ರಿಟರ್ನ್:

ವಿದೇಶದಲ್ಲಿರುವವರ ಹಣದ ಬಗ್ಗೆ. ಇಲ್ಲಿ ನೋಡಬೇಕಾದದ್ದು ಪಾಸ್‌ಪೋರ್ಟ್. ಎಲ್ಲಿಂದ ಕಳುಹಿಸುತ್ತಾರೆ ಎಂಬುದು ಮುಖ್ಯವಲ್ಲ.

ಕುವೈತ್, ದುಬೈಯಲ್ಲಿ ಭಾರತದ ಪಾಸ್‌ಪೋರ್ಟ್‌ನಲ್ಲಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಸೊಸೈಟಿಯ ಮಾಮೂಲಿ ಖಾತೆಗೇ ಹಾಕಬಹುದು. ಜೊತೆಗೆ ಪಾಸ್‌ಪೋರ್ಟ್ ಪ್ರತಿ ಕೊಡಲಿ, ಸೊಸೈಟಿಯವರು ಅದನ್ನು ಪತ್ರದ ಜೊತೆ ಲಗತ್ತಿಸಿ ಇಡಲಿ. ಎನ್‌ಆರ್‌ಒ ಅಥವಾ ಎನ್‌ಆರ್‌ಇ ಖಾತೆಯಿಂದ (ವಿದೇಶದಲ್ಲಿರುವವರಿಗೆ ಭಾರತದ ಬ್ಯಾಂಕುಗಳಲ್ಲಿರುವ ಖಾತೆಗಳು) ಕಳುಹಿಸಿದರೆ ಹೆಸರು, ಮೊತ್ತ ಸ್ಪಷ್ಟವಾಗಿ ಕಾಣುತ್ತದೆ. ಎಕ್ಸ್‌ಚೇಂಜ್ ಹೌಸ್ ಮೂಲಕ ಕಳುಹಿಸಿದರೆ ಕೆಲವೊಮ್ಮೆ ಸ್ಟೇಟ್‌ಮೆಂಟ್‌ನಲ್ಲಿ ಎಕ್ಸ್‌ಚೇಂಜ್‌ನ ಹೆಸರು ಮಾತ್ರ ಬರುತ್ತದೆ, ಆಗ ಕೊಟ್ಟವರು ಯಾರು ಎಂಬ ಗೊಂದಲ.

ಕೆನಡಾ ಪೌರರಾದ ಇಬ್ಬರ ವಿಷಯವೇ ಬೇರೆ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರ ಕಾರ್ಡ್) ಇದ್ದರೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಲೆಕ್ಕದಲ್ಲಿ ಅವರು ವಿದೇಶಿ ಮೂಲ. ಊರಿನ ಬ್ಯಾಂಕಿನ ಎನ್‌ಆರ್‌ಒ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ನೋಂದಣಿ ಚಾಲ್ತಿಯಲ್ಲಿರುವ ಸಂಸ್ಥೆಗೆ ಮಾತ್ರ, ಅದೂ ಹೊಸದಿಲ್ಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಆ ಸಂಸ್ಥೆ ತೆರೆದಿರುವ ಎಫ್‌ಸಿಆರ್‌ಎ ಖಾತೆಗೆ ಮಾತ್ರ ಕಳುಹಿಸಬೇಕು. ನೋಂದಣಿಗೆ ಐದು ವರ್ಷದ ಅವಧಿ, ನವೀಕರಣ ಆಗಿದೆಯೇ ಎಂದು ಕೇಳಿ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ನೋಂದಣಿ ಧರ್ಮಪ್ರಾಂತ್ಯದ ಬೇರೊಂದು ಸಂಸ್ಥೆಯ ಹೆಸರಲ್ಲಿದ್ದು ಶಾಲೆ ನಡೆಸುವುದು ಮತ್ತೊಂದು ಸೊಸೈಟಿಯಾಗಿದ್ದರೆ "ಅಲ್ಲಿಗೆ ಹಾಕಿ, ಅವರು ಇಲ್ಲಿಗೆ ಕೊಡುತ್ತಾರೆ" ಎಂಬುದು ನಡೆಯುವುದಿಲ್ಲ.

ಆ ಹಣದ ಎಫ್.ಡಿ.ಯೂ ಬೇರೆ ಇರಬೇಕು. ಅದರ ಬಡ್ಡಿಯೂ ವಿದೇಶಿ ದೇಣಿಗೆ ಎಂದೇ ಲೆಕ್ಕ, ಎಫ್‌ಸಿಆರ್‌ಎ ಖಾತೆಗೇ ಜಮೆಯಾಗಬೇಕು. ಪ್ರತಿವರ್ಷ ಡಿಸೆಂಬರ್ 31ರೊಳಗೆ ಎಫ್‌ಸಿ 4 ವಿವರಪಟ್ಟಿಯಲ್ಲಿ ತೋರಿಸಬೇಕು. ಇಬ್ಬರ ಲಕ್ಷವೋ ಎರಡು ಲಕ್ಷವೋ ಹಣಕ್ಕೆ ಶಾಶ್ವತವಾಗಿ ಇಷ್ಟು ಲೆಕ್ಕ ಇಡುವ ಬದಲು ಅವರ ಹಣವನ್ನು ಮೂಲನಿಧಿಗೆ ಸೇರಿಸದೆ, ನೋಂದಣಿ ಇರುವ ಸೊಸೈಟಿಗೆ ಒಂದೇ ವರ್ಷದಲ್ಲಿ ಖರ್ಚಾಗುವ ಕೆಲಸಕ್ಕೆ ಕೊಡಿಸಿ. ವಿಜ್ಞಾನ ಪ್ರಯೋಗಾಲಯವೋ ಹೆಣ್ಣುಮಕ್ಕಳ ಶೌಚಾಲಯವೋ ಆಗಬಹುದು. ಊರಲ್ಲಿರುವ ಅಕ್ಕನ ಖಾತೆಗೆ ಹಾಕಿ ಅವಳ ಹೆಸರಲ್ಲಿ ಕೊಡಿಸುವ ಅಡ್ಡದಾರಿ ಮಾತ್ರ ಬೇಡವೇ ಬೇಡ. ಸಿಕ್ಕಿಬಿದ್ದರೆ ತೊಂದರೆಯಾಗುವುದು ಶಾಲೆಗೆ, ಆ ಸೊಸೈಟಿಯ ಉಳಿದೆಲ್ಲ ಶಾಲೆಗಳಿಗೂ.

ಹತ್ತನೇ_ಬಿ_ಉಡುಪಿ:

ಎಲ್ಲರಿಗೂ ತುಂಬಾ ಧನ್ಯವಾದ. ಜಂಟಿ ಎಫ್.ಡಿ. ಯೋಚನೆ ಬಿಟ್ಟೆವು. ಇನ್ನೆರಡು ಪ್ರಶ್ನೆ. ಬಡ್ಡಿಯಲ್ಲಿ ಕಾಲು ಭಾಗ ಮೂಲಧನಕ್ಕೇ ಸೇರಿಸುತ್ತಾ ಹೋದರೆ ನಿಧಿ ಬೆಳೆಯುತ್ತದಲ್ಲ? ಸೊಸೈಟಿಗೆ ಕೊಡುವ ಬದಲು ನಮ್ಮದೇ ಒಂದು ಟ್ರಸ್ಟ್ ಮಾಡಿದರೆ ಹೇಗೆ?

ನಿವೃತ್ತ_ಮುಖ್ಯಶಿಕ್ಷಕಿ:

ಉದ್ದೇಶದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ದತ್ತಿ ಸೋಲುವುದು ಹೆಚ್ಚಾಗಿ ಅಲ್ಲೇ.

ಮೊದಲ ಸ್ಥಾನದ ಬಹುಮಾನ ಬೇಡ. ಹೆಚ್ಚಿನ ಶಾಲೆಗಳಲ್ಲಿ ಆ ಒಂದು ಮಗುವಿಗಾಗಿಯೇ ಆಗಲೇ ಏಳೆಂಟು ದತ್ತಿ ಬಹುಮಾನಗಳಿರುತ್ತವೆ. ಒಂದೇ ಹುಡುಗಿ ಎಂಟು ಸಲ ವೇದಿಕೆ ಹತ್ತಿ ಇಳಿಯುತ್ತಾಳೆ. ಅದೇ ತರಗತಿಯಲ್ಲಿ ಬಸ್ ಚಾರ್ಜ್ ಇಲ್ಲದೆ ವಾರಕ್ಕೆರಡು ದಿನ ತಪ್ಪಿಸುವ ಮಗುವಿಗೆ ಏನೂ ಇಲ್ಲ. ಅನುದಾನಿತ ಶಾಲೆಯಲ್ಲಿ ಮಧ್ಯಾಹ್ನದ ಊಟ ಅಕ್ಷರ ದಾಸೋಹದಲ್ಲಿ ಬರುತ್ತದೆ, ಅದಕ್ಕೆ ದತ್ತಿ ಬೇಕಾಗಿಲ್ಲ. ಬೇಕಾಗುವುದು ಬಸ್ ಪಾಸ್, ನೋಟ್ ಪುಸ್ತಕ, ಶೂ, ಕನ್ನಡಕ, ಪರೀಕ್ಷಾ ಶುಲ್ಕ. ಹಿಂದುಳಿದ ಮಕ್ಕಳಿಗೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಂಜೆ ಗಣಿತ, ಇಂಗ್ಲಿಷ್ ತರಗತಿ ನಡೆಸಿದರೆ ಪಾಠ ಮಾಡುವವರಿಗೆ ಗೌರವಧನವೂ ಬೇಕು. ಪತ್ರದಲ್ಲಿ ಇವನ್ನೆಲ್ಲ ಒಂದೊಂದಾಗಿ ಕಟ್ಟಿಹಾಕದೆ "ಆರ್ಥಿಕವಾಗಿ ಹಿಂದುಳಿದ ವಿದ್ಯಾರ್ಥಿಗಳ ಶಿಕ್ಷಣದ ಖರ್ಚು ಮತ್ತು ಕಲಿಕೆಯ ನೆರವು" ಎಂದು ಅಗಲವಾಗಿ ಬರೆಯಿರಿ. "ಬೆಳ್ಳಿ ಪದಕ" ಎಂದು ಬರೆದ ದತ್ತಿಗಳ ಗತಿ ನೋಡಿ. ಬೆಳ್ಳಿಯ ದರ ಏರಿ ಪದಕ ಹೋಗಿ ಸ್ಟೀಲ್ ತಟ್ಟೆ ಬಂದಿದೆ.

ಟೀಚರ ಸಂಬಳದ ಲೆಕ್ಕ ನೋಡಿ. ಅನುದಾನಿತ ಶಾಲೆಯಲ್ಲಿ ನಿವೃತ್ತರಾದವರ ಜಾಗ ಸರಕಾರ ತುಂಬದೆ ವರ್ಷಗಟ್ಟಲೆ ಖಾಲಿ ಬಿಡುವುದರಿಂದ ಆಡಳಿತ ಮಂಡಳಿಯೇ ಗೌರವ ಶಿಕ್ಷಕರನ್ನು ಇಟ್ಟುಕೊಳ್ಳುತ್ತದೆ. ಆದ್ದರಿಂದ ಈ ಬೇಡಿಕೆ ನಿಜವಾದದ್ದೇ. ತಿಂಗಳಿಗೆ ₹15,000 ಎಂದರೆ ವರ್ಷಕ್ಕೆ ₹1.80 ಲಕ್ಷ. ಬಡ್ಡಿ ಶೇ. 6.5 ಎಂದಿಟ್ಟುಕೊಂಡರೆ ಅದಕ್ಕೆ ₹27.7 ಲಕ್ಷ ಮೂಲಧನ ಬೇಕು. ನಿಮ್ಮ ₹12 ಲಕ್ಷಕ್ಕೆ ಬರುವುದು ₹78,000, ಐದು ತಿಂಗಳ ಸಂಬಳ. "ಒಬ್ಬ ಶಿಕ್ಷಕರ ಸಂಬಳ" ಎಂದು ಬರೆದರೆ ಮೊದಲ ವರ್ಷವೇ ಮಾತು ತಪ್ಪುತ್ತದೆ. "ಗೌರವ ಶಿಕ್ಷಕರ ಗೌರವಧನಕ್ಕೆ ನೆರವು" ಎಂದಾದರೆ ಸರಿ.

ಕ್ಯಾಥೋಲಿಕ್ ಮಕ್ಕಳಿಗೆ ಮಾತ್ರ ಎಂಬ ಮಾತನ್ನು ಪತ್ರದಲ್ಲಿ ತರಬೇಡಿ. ಒಂದು ಧರ್ಮದವರಿಗೋ ಜಾತಿಗೋ ಮೀಸಲಾದ ನಿಧಿ 80ಜಿಗೆ ಒಗ್ಗುವುದಿಲ್ಲ, ಸೊಸೈಟಿಯ ನೋಂದಣಿಗೂ ತೊಡಕು. ಅದಕ್ಕಿಂತ ಹೆಚ್ಚಾಗಿ, 1880ರಲ್ಲಿ ಜೆಸ್ವಿಟರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಆರಂಭಿಸಿದ ಕಾಲದಿಂದ ಈ ಊರಿನ ಕ್ಯಾಥೋಲಿಕ್ ಶಾಲೆಗಳು ಎಲ್ಲ ಮನೆಯ ಮಕ್ಕಳನ್ನೂ ಓದಿಸಿವೆ. ಅದನ್ನು ನಿಮ್ಮ ಪತ್ರ ಕಿರಿದು ಮಾಡಬಾರದು. ಚರ್ಚ್‌ನ ಬಡ ಕುಟುಂಬಗಳಿಗೇ ಕೊಡಬೇಕೆನ್ನುವವರು ಚರ್ಚ್‌ಗಳಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಗೆ ಬೇರೆಯಾಗಿ ಕೊಡಲಿ.

ಮಕ್ಕಳನ್ನು ಆರಿಸಲು ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು, ಸಂಘದವರೊಬ್ಬರು ಇದ್ದರೆ ಸಾಕು. ಬಹುಮಾನವನ್ನು ವೇದಿಕೆಯಲ್ಲಿ ಕೊಡಿ, ನೆರವನ್ನು ವೇದಿಕೆಯಲ್ಲಿ ಕೊಡಬೇಡಿ. ಬಡತನಕ್ಕಾಗಿ ಹೆಸರು ಕರೆಸಿಕೊಂಡ ಮಗು ಮರುವರ್ಷ ಅರ್ಜಿಯನ್ನೇ ಹಾಕುವುದಿಲ್ಲ.

ಲೆಕ್ಕಪತ್ರ_ಬಲ್ಮಠ:

ಮರುಹೂಡಿಕೆಯ ಲೆಕ್ಕ ಕೇಳಿದಿರಿ. ಕೇಳಲು ಚೆನ್ನಾಗಿದೆ, ಫಲ ಸಿಗುವುದು ಬಹಳ ತಡವಾಗಿ. ₹78,000ದಲ್ಲಿ ಕಾಲು ಭಾಗ, ಅಂದರೆ ₹19,500, ಮೂಲಧನಕ್ಕೆ ಸೇರಿಸಿದರೆ ಮಕ್ಕಳಿಗೆ ಉಳಿಯುವುದು ₹58,500. ನಿಧಿ ವರ್ಷಕ್ಕೆ ಶೇ. 1.6ರಷ್ಟು ಮಾತ್ರ ಬೆಳೆಯುತ್ತದೆ. ಮಕ್ಕಳಿಗೆ ಸಿಗುವ ಮೊತ್ತ ಮತ್ತೆ ₹78,000 ಮುಟ್ಟಲು ಹದಿನೆಂಟು ವರ್ಷ ಬೇಕು. ಹಾಗೆಂದು ಏನೂ ಸೇರಿಸದಿದ್ದರೆ, ಬೆಲೆಯೇರಿಕೆ ಶೇ. 5 ಎಂದಿಟ್ಟುಕೊಂಡರೂ ಹದಿನಾಲ್ಕು ವರ್ಷದಲ್ಲಿ ಆ ₹78,000ದ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಬ್ಯಾಚ್‌ನವರು ವರ್ಷ ವರ್ಷ ಸೇರಿಸುವುದು. ಇಪ್ಪತ್ತೈದು ಜನ ತಲಾ ₹2,000 ಹಾಕಿದರೆ ವರ್ಷಕ್ಕೆ ₹50,000. ಹತ್ತು ವರ್ಷದಲ್ಲಿ ಮೂಲಧನ ₹17 ಲಕ್ಷ, ಅದೇ ದರದಲ್ಲಿ ಬಡ್ಡಿ ₹1,10,500. ಬಡ್ಡಿಯನ್ನು ಪೂರ್ತಿ ಮಕ್ಕಳಿಗೆ ಕೊಡುತ್ತಲೇ ಇದು ಸಾಧ್ಯ. ಪ್ರತಿ ಸಲವೂ ಮೂಲನಿಧಿಯ ಪತ್ರ ಮಾತ್ರ ಮರೆಯಬಾರದು.

ಸ್ವಂತ ಟ್ರಸ್ಟ್ ಈ ಮೊತ್ತಕ್ಕೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಡೀಡ್ ನೋಂದಣಿ, ಪ್ಯಾನ್, ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ಆಮೇಲೆ ಕಾಯಂ ನೋಂದಣಿಗೆ ಅರ್ಜಿ, ಅದರ ನವೀಕರಣ, ಪ್ರತಿವರ್ಷ 10ಬಿಡಿ. ₹78,000 ಬಡ್ಡಿಯಲ್ಲಿ ಒಂದು ಪಾಲು ಕಾಗದಪತ್ರಕ್ಕೇ ಹೋಗುತ್ತದೆ. ಶೇ. 85ರ ನಿಯಮವೂ ಕಾಡುತ್ತದೆ. ಸೊಸೈಟಿಗೆ ಶಾಲಾ ಶುಲ್ಕ ಸೇರಿ ದೊಡ್ಡ ಆದಾಯ, ದೊಡ್ಡ ಖರ್ಚು ಇರುವುದರಿಂದ ನಿಮ್ಮ ಬಡ್ಡಿಯಲ್ಲಿ ಕಾಲು ಭಾಗ ಉಳಿಸಿದರೂ ಒಟ್ಟು ಲೆಕ್ಕದಲ್ಲಿ ಗೊತ್ತಾಗುವುದಿಲ್ಲ. ಈ ಎಫ್.ಡಿ. ಒಂದೇ ಇರುವ ಟ್ರಸ್ಟ್‌ನಲ್ಲಿ ಶೇ. 15ಕ್ಕಿಂತ ಹೆಚ್ಚು ಉಳಿಸಬೇಕಾದರೆ ಪ್ರತ್ಯೇಕವಾಗಿ ನಮೂನೆ 10 ಸಲ್ಲಿಸಬೇಕು.

ಹೂಡಿಕೆ: 11(5)ರ ಪಟ್ಟಿಯಲ್ಲಿ ಶೆಡ್ಯೂಲ್ಡ್ ಬ್ಯಾಂಕ್, ಸಹಕಾರಿ ಬ್ಯಾಂಕ್, ಅಂಚೆ ಕಚೇರಿ ಉಳಿತಾಯ, ಸರಕಾರಿ ಸಾಲಪತ್ರ ಇವೆಲ್ಲ ಇವೆ. ಕಂಪನಿ ಶೇರುಗಳನ್ನು ಕೊಂಡು ಇಡುವ ಹಾಗಿಲ್ಲ. ಠೇವಣಿ ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ₹5 ಲಕ್ಷದವರೆಗೆ ಮಾತ್ರ. ಸೊಸೈಟಿಯ ಎಲ್ಲ ಶಾಲೆಗಳ ಠೇವಣಿಯೂ ಒಂದೇ ಹೆಸರಲ್ಲಿದ್ದರೆ ಆ ₹5 ಲಕ್ಷ ಎಲ್ಲಕ್ಕೂ ಸೇರಿ ಒಂದೇ. ಅರ್ಧ ಶೇಕಡಾ ಹೆಚ್ಚು ಬಡ್ಡಿಯ ಆಸೆಗೆ ಸಣ್ಣ ಸಹಕಾರಿ ಸೊಸೈಟಿಯಲ್ಲಿ ಇಡಬೇಡಿ. ಬಡ್ಡಿ ಮೂರು ತಿಂಗಳಿಗೊಮ್ಮೆ ದತ್ತಿಯ ಪ್ರತ್ಯೇಕ ಎಸ್.ಬಿ. ಖಾತೆಗೆ ಬೀಳುವಂತೆ ಎಫ್.ಡಿ. ಮಾಡಿಸಿ. ಅಸಲಿಗೆ ಬಡ್ಡಿ ಸೇರುವ ಬಗೆಯದ್ದಾದರೆ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಕೈಗೆ ಹಣ ಸಿಗುವುದಿಲ್ಲ. ಟಿ.ಡಿ.ಎಸ್. ಕಡಿತವಾಗಿದ್ದರೆ ಸೊಸೈಟಿ ಐಟಿಆರ್ 7 (ಇಂಥ ಸಂಸ್ಥೆಗಳ ಆದಾಯ ತೆರಿಗೆ ವಿವರಪಟ್ಟಿ) ಸಲ್ಲಿಸಿದಾಗ ವಾಪಸು ಬರುತ್ತದೆ. ಆ ಮೊತ್ತವನ್ನು ದತ್ತಿಯ ಖಾತೆಗೇ ಜಮೆ ಮಾಡಲು ಹೇಳಿ, ಇಲ್ಲದಿದ್ದರೆ ಅದು ಸಾಮಾನ್ಯ ಖಾತೆಯಲ್ಲೇ ಉಳಿದುಬಿಡುತ್ತದೆ.

ಕಂಪನಿಯಲ್ಲಿ ಕೆಲಸ ಮಾಡುವ ಗೆಳೆಯರು ಸಿಎಸ್‌ಆರ್ (ಕಂಪನಿಗಳು ಸಮಾಜಕಾರ್ಯಕ್ಕೆ ತೆಗೆದಿಡುವ) ಹಣ ಕೊಡಿಸುತ್ತೇನೆ ಎಂದರೆ ಅದನ್ನು ದತ್ತಿಗೆ ಸೇರಿಸಲಾಗದು. 2021ರ ಜನವರಿಯ ತಿದ್ದುಪಡಿಯ ನಂತರ ಮೂಲನಿಧಿಗೆ ಕೊಟ್ಟದ್ದು ಸಿಎಸ್‌ಆರ್ ಖರ್ಚು ಎಂದು ಪರಿಗಣನೆಯಾಗುವುದಿಲ್ಲ. ತರಗತಿ ಕೋಣೆಗೋ ಕಂಪ್ಯೂಟರಿಗೋ ಕೇಳಿ.

ಬ್ಯಾಂಕ್_ಕೌಂಟರ್_ಕುಂದಾಪುರ:

ಬೋರ್ಡ್‌ನಲ್ಲಿರುವ ಹಳೆ ದತ್ತಿಗಳ ಬಗ್ಗೆ ಯಾರೂ ಹೇಳಲಿಲ್ಲ. ಆ ಹಣ ಕಳೆದುಹೋಗಿದೆ ಎಂದುಕೊಳ್ಳಬೇಡಿ, ಹುಡುಕಿದರೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ಬೋರ್ಡ್‌ನ ಫೋಟೊ ತೆಗೆಯಿರಿ, ಹೆಸರು ಮತ್ತು ವರ್ಷ ಪಟ್ಟಿ ಮಾಡಿ. ಶಾಲೆಯ ಹಳೆ ನಗದು ಪುಸ್ತಕ, ಸಂಚಾಲಕರ ಕಡತಗಳಲ್ಲಿ ಎಫ್.ಡಿ. ರಸೀದಿ ಹುಡುಕಿ. ನಮ್ಮ ಕಡೆಯ ಹಳೆ ರಸೀದಿಗಳಲ್ಲಿ ಕಾರ್ಪೊರೇಶನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ವಿಜಯಾ ಬ್ಯಾಂಕ್ ಹೆಸರು ಇರುತ್ತದೆ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಸೇರಿದವು. ಹಳೆ ಶಾಖೆ ಈಗ ಇಲ್ಲದಿದ್ದರೂ ಖಾತೆ ಯಾವುದೋ ಶಾಖೆಗೆ ವರ್ಗವಾಗಿರುತ್ತದೆ.

ಅವಧಿ ಮುಗಿದು ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಹೋದ ಮೇಲೂ ಅದೇ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ವಾಪಸು ಪಡೆಯಬಹುದು. ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹೆಸರಿನಿಂದ ಹುಡುಕಿ. ಶಾಲೆಯ ಹೆಸರು, ಚರ್ಚ್ ಹೆಸರು, ಸಂತರ ಹೆಸರಿನ ಬೇರೆ ಬೇರೆ ಸ್ಪೆಲ್ಲಿಂಗ್, ಅಂದಿನ ಹೆಡ್‌ಮಾಸ್ಟರ ಹೆಸರು ಎಲ್ಲ ಹಾಕಿ ನೋಡಿ. ಅರ್ಜಿಯ ಜೊತೆ ಸೊಸೈಟಿಯ ನಿರ್ಣಯದ ಪ್ರತಿ, ನೋಂದಣಿ ಪತ್ರ, ಈಗಿನ ಸಹಿದಾರರ ಕೆವೈಸಿ ಬೇಕು. ಠೇವಣಿ ವ್ಯಕ್ತಿಯ ಹೆಸರಿನಲ್ಲಿದ್ದರೆ ಅವರ ಮನೆಯವರ ಒಪ್ಪಿಗೆಯೂ ಬೇಕಾಗುತ್ತದೆ, ಕೆಲಸ ಉದ್ದವಾಗುತ್ತದೆ.

ನಿಮ್ಮ ಹೊಸ ಎಫ್.ಡಿ.ಗೆ ತಾನಾಗಿ ನವೀಕರಣವಾಗುವ ಸೂಚನೆ ಕೊಡಿ. ಅವಧಿ ಮುಗಿದು ಸುಮ್ಮನೆ ಬಿದ್ದಿದ್ದರೆ ಎಸ್.ಬಿ. ದರ ಅಥವಾ ಹಳೆಯ ದರ, ಯಾವುದು ಕಡಿಮೆಯೋ ಅಷ್ಟೇ ಬಡ್ಡಿ ಸಿಗುತ್ತದೆ.

ವಕೀಲ_ಬೆಂದೂರು:

ಬ್ಯಾಚ್‌ನಲ್ಲಿ ಯಾರಾದರೂ ಉಯಿಲಿನ ಮೂಲಕ ಈ ನಿಧಿಗೆ ಕೊಡಬೇಕೆಂದರೆ ಅವರಿಗೆ ಒಂದು ವಿಷಯ ತಿಳಿಸಿ. ಹತ್ತಿರದ ಸಂಬಂಧಿಕರಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಉಯಿಲು ಬರೆದರೆ ಸಾವಿಗೆ ಹನ್ನೆರಡು ತಿಂಗಳ ಮೊದಲೇ ಬರೆದಿರಬೇಕು ಎಂಬ ನಿರ್ಬಂಧ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಂನಲ್ಲಿತ್ತು. ಊರಲ್ಲಿ ಈಗಲೂ ಹಿರಿಯರು ಅದನ್ನು ಹೇಳುತ್ತಾರೆ. ಸುಪ್ರೀಂ ಕೋರ್ಟ್ 2003ರಲ್ಲಿ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ಆ ಕಲಂ ಅನ್ನೇ ರದ್ದು ಮಾಡಿದೆ. ಈಗ ಆ ಅಡ್ಡಿ ಇಲ್ಲ.

ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಐಚ್ಛಿಕ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಕಡಿಮೆ. "ನಮ್ಮ ಶಾಲೆಗೆ" ಎಂದು ಬರೆಯದೆ ಸೊಸೈಟಿಯ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ದತ್ತಿಯ ಹೆಸರು, ಮೂಲನಿಧಿಗೆ ಎಂಬ ಸೂಚನೆ ನಾಲ್ಕೂ ಬರೆಸಿ. ಮೊತ್ತವನ್ನು ಸ್ಥಿರವಾಗಿ ಬರೆಯುವ ಬದಲು ಆಸ್ತಿಯ ಇಷ್ಟು ಭಾಗ ಎಂದರೆ ಇಪ್ಪತ್ತು ವರ್ಷದ ನಂತರವೂ ಅದಕ್ಕೆ ಬೆಲೆ ಇರುತ್ತದೆ.